ಚಾಮರಾಜಪೇಟೆಯ ಹಾಯಿಕಂಬ

ಬೆಂಗಳೂರಿಗೆ ಇಂದಲ್ಲ ನಾಳೆ ಸಮುದ್ರ ಬಂದೇ ಬರುತ್ತದೆ ಎಂದು ನಂಬಿದ ಮನುಷ್ಯ ಯಾರಾದರೂ ಇದ್ದರೆ ಅದು ನನ್ನ ಸೋದರಮಾವ ಒಬ್ಬನೇ! ಇಲ್ಲದಿದ್ದರೆ ಕಲಾಸಿಪಾಳ್ಯದ ಈರುಳ್ಳಿ ಮಂಡಿಯವನಿಗೆ, ಈಜು ಬಾರದವನಿಗೆ, ಹಾಯಿದೋಣಿ ಯಾಕೆ ಬೇಕು? ನೀವೇ ಹೇಳಿ.

ಗುಜರಿಯಲ್ಲಿ ಸಿಕ್ಕಿತಂತೆ. ದೋಣಿಯನ್ನು ಹಲಸೂರು ಕೆರೆಯ ಹತ್ತಿರ ಗೆಳೆಯನ ಶೆಡ್ಡಿನಲ್ಲಿಟ್ಟು, ಹಾಯಿ ಕಟ್ಟುವ ಕಂಬವನ್ನು ಮಾತ್ರ ರಿಪೇರಿಗೆಂದು ಚಾಮರಾಜಪೇಟೆಯ ನಮ್ಮ ಮನೆಗೆ ತಂದ. ಎತ್ತಿನ ಗಾಡಿಯ ಮೇಲೆ, ಬೆಳಗಿನ ಹೊತ್ತು, ಕೆ.ಆರ್. ಮಾರ್ಕೆಟ್ಟಿನ ನಡುವಿನಿಂದ! ಗಾಡಿ ತಿರುಗಿದಾಗಲೆಲ್ಲ ಕಂಬ ಒಂದೊಂದು ಹೂವಿನಂಗಡಿಯನ್ನು ಗುಡಿಸಿಕೊಂಡು ಬಂತು.

"ನೋಡೇ, ಹಾರ ಹಾಕಿ ಕಳಿಸವ್ರೆ" ಎಂದ, ನಾಚಿಕೆಯಿಲ್ಲದೆ.

ಅಪ್ಪ ಹೋದಮೇಲೆ ನಾನೂ ಅಮ್ಮನೂ ಅವನ ಆಸರೆಯಲ್ಲೇ ಇದ್ದೆವು. ಆದ್ದರಿಂದ ಬೈಯುವ ಹಕ್ಕು ನಮಗಿರಲಿಲ್ಲ ಎನ್ನುತ್ತೀರಾ? ಚೆನ್ನಾಗಿಯೇ ಬೈದೆವು! ಅಂಗಳದ ತುಂಬ ಆ ಕಂಬ, ಊಟದ ತಟ್ಟೆಯಲ್ಲೂ ವಾರ್ನಿಶ್ ವಾಸನೆ. ಹುಳು ತಿಂದ ಜಾಗ ಕೆತ್ತುವುದು, ಹೊಸ ಮರ ಕೂರಿಸುವುದು, ಉಜ್ಜುವುದು, ಮತ್ತೆ ಉಜ್ಜುವುದು, ಹೀಗೇ ವರ್ಷಗಳು ಕಳೆದವು. ಹಗ್ಗದ ಗಂಟು ಕಲಿಯಲು ಅವನಿಗೆ ಸಿಕ್ಕಿದ್ದು ಮಂಡಿಯ ಮೂಟೆಗಳು. ಒಬ್ಬ ಗಿರಾಕಿಯಂತೂ ಮೂಟೆ ಹೊರಿಸಿಕೊಂಡು ಮನೆಗೇ ಬಂದ.

"ಈರುಳ್ಳಿ ಆಮೇಲಿರ್ಲಿ ಸ್ವಾಮಿ, ಮೊದ್ಲು ಈ ಗಂಟು ಬಿಚ್ಕೊಡಿ!"

ಅಷ್ಟರಲ್ಲಿ ನನ್ನ ಮದುವೆ ಗೊತ್ತಾಯಿತು. ಮದುವೆ ಮುಗಿದ ಭಾನುವಾರವೇ ದೋಣಿ ಕೆರೆಗಿಳಿಸುತ್ತೇನೆಂದು ಮಾವ ಬೀದಿಗೆಲ್ಲ ಸಾರಿದ. ಅವನು ತನಗಾಗಿ ಆಸೆಪಟ್ಟಿದ್ದು ಅದೊಂದನ್ನೇ. ಮದುವೆಯಲ್ಲಿ ಅವನಿಗಿದ್ದದ್ದೂ ಒಂದೇ ಕೆಲಸ: ಚಪ್ಪರಕ್ಕೆ ಹಾಲುಗಂಬ, ಅಂದರೆ ಹಾಲೆರೆದು ಪೂಜಿಸುವ ಮೊದಲ ಕಂಬ, ತರುವುದು. ನಮ್ಮಲ್ಲಿ ಅದನ್ನು ಸೋದರಮಾವನೇ ತರಬೇಕು.

ತಂದನೇ? ಮರೆತ! ಚಪ್ಪರದ ದಿನ ಬೆಳಿಗ್ಗೆ ಹಗ್ಗಗಳನ್ನು ಪರೀಕ್ಷೆ ಮಾಡಲೆಂದು ತನ್ನ ಹಾಯಿಕಂಬವನ್ನೇ ಅಂಗಳದಲ್ಲಿ ಗುಂಡಿ ತೋಡಿ ನಿಲ್ಲಿಸಿಕೊಂಡು ಮೇಲೆ ನೋಡುತ್ತಿದ್ದ. ನನಗೆ ಮೈಯೆಲ್ಲ ಉರಿದುಹೋಯಿತು. ಬಾಯಿ ತೆರೆಯುವಷ್ಟರಲ್ಲಿ, ಹಿಂದಿನ ರಾತ್ರಿಯಷ್ಟೇ ಊರಿಂದ ಬಂದಿದ್ದ ದೊಡ್ಡಜ್ಜಿ ಹಾಲಿನ ಚೊಂಬು ಹಿಡಿದು ಮುತ್ತೈದೆಯರ ಜೊತೆ ಬಂದೇಬಿಟ್ಟಳು.

"ಸೋದರಮಾವ ಅಂದ್ರೆ ಹಿಂಗಿರ್ಬೇಕು! ಕಂಬಕ್ಕೆ ಪಾಲಿಶ್ ಬೇರೆ ಮಾಡ್ಸವ್ನೆ!"

ಅರಿಶಿನ ಬಳಿದರು, ಕುಂಕುಮ ಹಚ್ಚಿದರು, ಹಾಲೆರೆದರು. ಮಾವ ಬಾಗಿಲ ಕಡೆ ಒಮ್ಮೆ ನೋಡಿ, ಕಂಬದ ಹಗ್ಗಗಳನ್ನು ಒಂದೊಂದಾಗಿ ಬಿಚ್ಚತೊಡಗಿದ.

ಚಪ್ಪರದವನು ತಲೆ ಕೆರೆದುಕೊಂಡ. "ಅಣ್ಣಾ, ಇದು ಬಾಳ ಎತ್ತರ ಆಯ್ತು. ಮಿಕ್ಕಿದ್ದಕ್ಕೆ ಸಮ ಆಗ್ಬೇಕು ಅಂದ್ರೆ ಕೊಯ್ಬೇಕು."

"ಕೊಯ್ಯಿ, ಆದ್ರೆ ಕೀಳ್ಬೇಡ. ಹಾಲೆರೆದ ಕಂಬ ಕಿತ್ರೆ ಅಪಶಕುನ" ಎಂದಳು ದೊಡ್ಡಜ್ಜಿ.

ಮಾವ ತಾನೇ ಏಣಿ ತಂದ. ತುದಿ ಯಾರ ಮೇಲೂ ಬೀಳದ ಹಾಗೆ ಎರಡೂ ಕೈಯಲ್ಲಿ ತಬ್ಬಿ ಹಿಡಿದುಕೊಂಡ. "ನಿಧಾನ ಕಣಪ್ಪ, ಓರೆ ಹೋಗ್ತಾ ಇದೆ" ಎಂದು ಗರಗಸದವನಿಗೆ ಹೇಳಿದ, ಅಷ್ಟೇ.

ನಾನು ಸುಮ್ಮನಿರುವವಳೇ? ಹಿತ್ತಲಲ್ಲಿ ಅವನನ್ನು ಹಿಡಿದುಕೊಂಡೆ.

"ಅದು ಹಾಲುಗಂಬ ಅಲ್ಲ ಅಂತ ಒಂದು ಮಾತು ಹೇಳೋಕೆ ನಿನಗೇನಾಗಿತ್ತು ಮಾವ? ಇಷ್ಟು ವರ್ಷ ಉಜ್ಜಿದ್ದು ಇದಕ್ಕಾ?"

"ಹಾಲೆರೆಯೋವಾಗ ನಿಮ್ಮಮ್ಮ ಬಾಗಿಲ ಹಿಂದೆ ನಿಂತು ನಗ್ತಾ ಕೈ ಮುಗೀತಿದ್ಲು ಕಣೇ. ಭಾವ ಹೋದಮೇಲೆ ಅವಳು ನಕ್ಕಿದ್ದು ನಾನು ನೋಡಿದ್ದು ಇವತ್ತೇ. ಹೆಂಗೆ ಹೇಳ್ಲಿ?"

ಚೆನ್ನಾಗಿ ಬೈಯಬೇಕೆಂದೇ ಹೋದವಳು, ಅವನ ತಲೆಗೂದಲಲ್ಲಿದ್ದ ಮರದ ಪುಡಿಯನ್ನು ಸೆರಗಿನಿಂದ ಒರೆಸುತ್ತಾ ಅತ್ತುಬಿಟ್ಟೆ.