ಗೇರ್‌ಬಾಕ್ಸಿನ ಹೊಟ್ಟೆಯುಬ್ಬರ

"ಮುಟ್ಟಿದ ಕೂಡ್ಲೇ ರೋಗ ಹೇಳತೈತಿ!" ಎಂದು ನೀಲಕ್ಕ ತಾನೇ ತಂತಿ ಹೆಣೆದು ಮಾಡಿದ ಉದ್ದನೆಯ ರಬ್ಬರ್ ಪಟ್ಟಿಯನ್ನು ಎತ್ತಿ ತೋರಿಸಿದಳು. ಅವಳು ನಮ್ಮ ಪಕ್ಕದ ಮನೆಯವಳು. ಐಟಿಐನಲ್ಲಿ ಪಾಠ ಹೇಳಿ ನಿವೃತ್ತಳಾದ ಮೇಲೆ ಓಣಿಯ ಒಂದು ಮಿಕ್ಸರನ್ನೂ ನೆಟ್ಟಗಿರಲು ಬಿಟ್ಟವಳಲ್ಲ. ಆದರೆ ಅಂದು ನನಗೆ ಅವಳೇ ದೇವರು.

ನಾನು ಬ್ಯಾಡಗಿಯ ಮೆಣಸಿನಕಾಯಿ ಗೋದಾಮಿನಲ್ಲಿ ಫೋರ್ಕ್‌ಲಿಫ್ಟ್ ಓಡಿಸುವವನು. ಮೂರು ದಿನದಿಂದ ಗೇರ್ ಹಾಕಿದರೆ ಎಂಜಿನ್ ಬೊಬ್ಬೆ ಹೊಡೆಯುತ್ತಿತ್ತು, ಗಾಡಿ ಮಾತ್ರ ಅಲುಗುತ್ತಿರಲಿಲ್ಲ. ಬಂದ ಮೆಕ್ಯಾನಿಕ್‌ಗಳೆಲ್ಲ ಗೇರ್‌ಬಾಕ್ಸೇ ಹೋಗಿದೆ ಎಂದು ಕೈಚೆಲ್ಲಿದ್ದರು.

"ಸಂಜಿತನಕ ನಡೀಲಿಲ್ಲಂದ್ರ ಗುಜರಿಗೆ ಹಾಕ್ತೀನಿ. ನೀನೂ ಬ್ಯಾರೆ ಕೆಲಸ ನೋಡ್ಕೋ, ಫಕ್ಕೀರಪ್ಪ" ಎಂದಿದ್ದರು ಗೋದಾಮಿನ ಸಾವಕಾರರು.

ನೀಲಕ್ಕ ಪಟ್ಟಿಯ ಒಂದು ತುದಿಯನ್ನು ಗೇರ್‌ಬಾಕ್ಸಿಗೆ ಅಂಟಿಸಿದಳು. ಇನ್ನೊಂದು ತುದಿಗೆ ಮನುಷ್ಯ ಬೇಕಂತೆ. ಯಂತ್ರದ ನೋವು ಅವನಿಗೆ ಬರುತ್ತದಂತೆ, ಎಲ್ಲಿ ನೋಯುತ್ತದೆಂದು ಅವನು ಬಾಯಿಬಿಟ್ಟು ಹೇಳಬೇಕಂತೆ! ನಾನು ಕೈ ಚಾಚುವಷ್ಟರಲ್ಲಿ ಸಾವಕಾರರು "ಏನ್ ಹುಚ್ಚಾಟ ಇದು!" ಎಂದು ಅದನ್ನು ಕಿತ್ತುಕೊಳ್ಳಲು ಹೋದರು. ಪಟ್ಟಿ ಅವರ ಮುಂಗೈಗೇ ಸುತ್ತಿಕೊಂಡಿತು.

ನಾನು ಗೇರ್ ಹಾಕಿದೆ. ಸಾವಕಾರರ ಹೊಟ್ಟೆ ಉಬ್ಬತೊಡಗಿತು! ಅಂಗಿಯ ಗುಂಡಿಯೊಂದು ಹಾರಿ ಮೆಣಸಿನಕಾಯಿ ಚೀಲಕ್ಕೆ ಬಿತ್ತು.

"ಅಯ್ಯಯ್ಯೋ, ಬಿಚ್ರೋ!"

"ತಡೀರಿ ಸಾವ್ಕಾರ್ರ, ಎಲ್ಲಿ ನೋಯಾಕತ್ತೈತಿ?" ಎಂದಳು ನೀಲಕ್ಕ.

"ನೋವಲ್ಲಬೇ, ಗಾಳಿ! ಒಳಗ ತುಂಬೇತಿ, ಹೊರಗ ಬರವಲ್ದು!"

ನೀಲಕ್ಕ ಸರಕ್ಕನೆ ಗಾಡಿಯ ಕೆಳಗೆ ನುಸುಳಿದಳು. "ಫಕ್ಕೀರಾ, ಗೇರ್‌ಬಾಕ್ಸಿನ ಗಾಳಿ ತೂತಿಗೆ ಏನೋ ಇದು ಬೆಳ್ಳಗ ಮೆತ್ತಿದ್ದು?"

ನಾನು ಇಂಗು ತಿಂದ ಮಂಗನಂತಾದೆ. "ವಿಭೂತಿ, ಅಕ್ಕ. ಗಾಡಿ ಜೀವ ಅಲ್ಲೇ ಇರತೈತಂತ ಸೋಮವಾರಕ್ಕೊಮ್ಮೆ ಹಚ್ತೀನಿ. ಎಂಟು ವರ್ಷ ಆತು."

"ಭಕ್ತಿ ಮಾಡಿ ಅದರ ಉಸಿರೇ ಕಟ್ಟೀಯಲ್ಲೋ!"

ಅವಳು ತುರುಬಿನ ಪಿನ್ನು ತೆಗೆದು ತೂತನ್ನು ಕೆದಕಿ ಈಚೆ ಉರುಳಿದಳು. ಸಾವಕಾರರು ತೇಗಿದರು ನೋಡಿ! ಚೀಲಗಳ ಮೇಲಿನ ಘಾಟೆಲ್ಲ ಎದ್ದು ಇಡೀ ಗೋದಾಮು ಸೀನಿತು. ಆ ಸೀನುಗಳ ನಡುವೆ ಗಾಡಿ ಮೆಲ್ಲಗೆ ಮುಂದಕ್ಕೆ ನಡೆಯಿತು.

ನಾನು ನೀಲಕ್ಕನ ಕಾಲಿಗೆ ಬಿದ್ದೆ. "ನನ್ನ ಅನ್ನ ಉಳಿಸಿದಿ ಅಕ್ಕ!"

"ಏಳೋ, ಮದಲ ಈ ಪಿನ್ನು ತೊಳಕೊಂಡು ಬಾ" ಎಂದಳು. ಅವಳ ಕಣ್ಣೂ ಒದ್ದೆಯಾಗಿತ್ತು. ಮೆಣಸಿನ ಘಾಟಂತೆ.

ಸಾವಕಾರರು ಹೊಟ್ಟೆ ಸವರಿಕೊಳ್ಳುತ್ತಾ ನಿಂತಿದ್ದರು. "ಇಪ್ಪತ್ತು ವರ್ಷದ ಗ್ಯಾಸು ಹೋತಲ್ಲೋ! ಈ ಗಾಡಿನ ಫಕ್ಕೀರಪ್ಪನ್ನ ಬಿಟ್ಟು ಯಾರೂ ಮುಟ್ಟಬಾರ್ದು!"

ಈಗ ಬೆಳಗಾದರೆ ಊರಿನ ಹೊಟ್ಟೆಯುಬ್ಬರದವರೆಲ್ಲ ನನ್ನ ಗಾಡಿಯ ಮುಂದೆ ಸಾಲು ನಿಲ್ಲುತ್ತಾರೆ. ಮುಂಗೈಗೆ ನೀಲಕ್ಕನ ಪಟ್ಟಿ ಸುತ್ತಿ, ಗೇರ್ ಹಾಕಿ ಒಬ್ಬೊಬ್ಬರನ್ನೇ ತೇಗಿಸಿ ಕಳಿಸುತ್ತೇನೆ. ನೀಲಕ್ಕನ ಋಣ ಈ ಜನ್ಮದಲ್ಲಿ ತೀರುವಂಥದ್ದಲ್ಲ. ಗಾಡಿಗೆ ಪುರುಸೊತ್ತಿಲ್ಲದ ಕಾರಣ ಚೀಲಗಳನ್ನು ಸದ್ಯಕ್ಕೆ ಸಾವಕಾರರೇ ಹೊರುತ್ತಿದ್ದಾರೆ.