ಭುಜದ ನೋವಿನ ಚೌಕಾಸಿ

ಆಗ ನನಗೆ ಅರವತ್ತೆಂಟು. ಮೂರು ವರ್ಷದ ಹಿಂದಿನ ಮಾತು. ಮಂಡಿ ಹೋದರೆ ಕೂತಲ್ಲೇ ದರ್ಬಾರು ಮಾಡಬಹುದು, ಭುಜ ಹೋದರೆ ಮರ್ಯಾದೆಯೇ ಹೋಗುತ್ತದೆ. ನನ್ನ ಬಲಗೈ ಕಿವಿಯಿಂದ ಮೇಲೆ ಏಳಲೊಲ್ಲದು. ತುರುಬು ಕಟ್ಟಿಕೊಳ್ಳಲಾಗದೆ ತಲೆಯನ್ನು ಸೊಸೆ ಗೌರಿಯ ಕೈಗೆ ಕೊಟ್ಟೆ. ಅವಳಿಗೆ ತುರುಬು ಬಾರದು. ದರದರ ಎಳೆದು ಜಡೆ ಹೆಣೆದುಬಿಡುತ್ತಿದ್ದಳು. ಮಾದಿಹಳ್ಳಿ ಡೈರಿಗೆ ಹಾಲು ಹಾಕಲು ಹೋದರೆ ಪಕ್ಕದ ಮನೆ ಪುಟ್ಟಮ್ಮ, "ಏನಕ್ಕಾ, ಹೈಸ್ಕೂಲಿಗೆ ಸೇರ್ಕಂಡ್ಯಾ?" ಎಂದಳು. ಅವತ್ತೇ ತೀರ್ಮಾನಿಸಿದೆ, ಸತ್ತರೂ ತುರುಬಿನಲ್ಲೇ ಸಾಯಬೇಕು.

ಹಾಸನದ ಆಸ್ಪತ್ರೆಯೊಂದರಲ್ಲಿ ಮೂಳೆ ಡಾಕ್ಟರು ಭುಜದ ಸ್ನಾಯು ಹರಿದ ಮುದುಕಿಯರ ಮೇಲೆ ಸಂಶೋಧನೆ ನಡೆಸಿದ್ದರು. ಆಪರೇಷನ್ ಮಾಡಿ ಹೊಲಿದರೆ ಎಷ್ಟು ಗುಣ, ಬರೀ ವ್ಯಾಯಾಮದಿಂದ ಎಷ್ಟು ಗುಣ ಅಂತ ತಾಳೆ ನೋಡುವುದು. ನಿಮ್ಮದೂ ಹರಿದಿದೆ, ಸೇರುತ್ತೀರಾ ಎಂದರು; ಒಪ್ಪಿದೆ. ಹೊಲಿಯುವ ಗುಂಪಿಗೆ ಬಿದ್ದೆ.

ಹೊಲಿಯುವ ಮೊದಲು ಡಾಕ್ಟರು ನೋವಿನ ಲೆಕ್ಕ ಕೇಳಿದರು. "ಅಜ್ಜೀ, ಸೊನ್ನೆ ಅಂದ್ರೆ ನೋವಿಲ್ಲ, ಹತ್ತು ಅಂದ್ರೆ ತಡೆಯಕ್ಕಾಗಲ್ಲ. ನಿಮ್ದು ಎಷ್ಟು?"

"ಇಪ್ಪತ್ತು."

"ಹತ್ತರ ಮೇಲೆ ಇಲ್ಲ ಅಜ್ಜಿ."

ನಾನು ಅರಸೀಕೆರೆಯ ಕೊಬ್ಬರಿ ವ್ಯಾಪಾರಿಯ ಮಗಳು. ಕೇಳಿದವನು ಅರ್ಧಕ್ಕೆ ಇಳಿಸುತ್ತಾನೆಂದು ಗೊತ್ತಿದ್ದೇ ಬೆಲೆ ಹೇಳುವ ಮನೆತನ. "ಆಯ್ತು, ನಿಮ್ದೂ ಬ್ಯಾಡ ನಮ್ದೂ ಬ್ಯಾಡ, ಹದಿನೈದು ಮಾಡ್ಕಳಿ" ಎಂದೆ.

ಡಾಕ್ಟರು ಪೆನ್ನು ಕೆಳಗಿಟ್ಟರು. "ನೀವು ಏರಿಸಿ ಹೇಳಿದ್ರೆ ನನ್ನ ಲೆಕ್ಕವೇ ಸುಳ್ಳಾಗುತ್ತೆ ಅಜ್ಜಿ. ನಾಳೆ ನಿಮ್ಮಂಥೋರಿಗೆ ತಪ್ಪು ಚಿಕಿತ್ಸೆ ಕೊಟ್ಟುಬಿಡ್ತೀವಿ."

"ಹಂಗಾದ್ರೆ ಎಂಟು" ಎಂದೆ. ಹುಟ್ಟಿದಾಗಿನಿಂದ ನಾನು ಸರಿಯಾಗಿ ಹೇಳಿದ ಬೆಲೆ ಅದೊಂದೇ.

ಹೊಲಿದರು. ಗಾಯ ಮಾಗಿದ ಮೇಲೆ ಗೋಡೆಯ ಮೇಲೆ ಬೆರಳು ಹತ್ತಿಸುವ ವ್ಯಾಯಾಮ ಕೊಟ್ಟರು. ಇರುವೆಯಂತೆ ಹತ್ತಿಸಿದೆ, ಬೈದುಕೊಂಡೇ. ಕೊನೆಕೊನೆಗೆ ಕೊಟ್ಟಿಗೆಯಲ್ಲಿ ಕದ್ದು ತುರುಬು ಕಟ್ಟುವುದನ್ನೂ ಅಭ್ಯಾಸ ಮಾಡಿದೆ; ಎಮ್ಮೆಗೆ ಮಾತ್ರ ಗೊತ್ತು.

ಕೊನೆಯ ತಪಾಸಣೆಗೆ ಗೌರಿಯೇ ಕರೆದೊಯ್ದಳು. "ಕೈ ಎಷ್ಟು ಏಳುತ್ತೆ, ತೋರಿಸಿ" ಎಂದರು ಡಾಕ್ಟರು. ನಾನು ಅವಳು ಹಾಕಿದ ಜಡೆಯನ್ನು ಬಿಚ್ಚಿದೆ. ಎರಡೂ ಕೈ ಹಿಂದಕ್ಕೊಯ್ದು, ಸುತ್ತಿ, ಗಂಟು ಬಿಗಿದು, ಪಿನ್ನು ಚುಚ್ಚಿದೆ. ಅಳತೆಪಟ್ಟಿ ಹಿಡಿದು ನಿಂತಿದ್ದ ನರ್ಸಮ್ಮ ಅಳೆಯುವುದನ್ನೇ ಮರೆತು ಚಪ್ಪಾಳೆ ಹೊಡೆದಳು.

"ಈಗ ನೋವು?"

"ಒಂದು. ಚೌಕಾಸಿ ಇಲ್ಲ."

ಮರುದಿನ ಬೆಳಗ್ಗೆ ನನ್ನ ತುರುಬು ಮುಗಿಸಿ, ಕಲಿಸಿಕೊಡುತ್ತೇನೆಂದು ಗೌರಿಯನ್ನು ಜಗಲಿಯ ಮೇಲೆ ಕೂರಿಸಿದೆ. ಬಾಚಣಿಗೆ ಹಾಕಿ ಎಳೆದೆ.

"ಅಯ್ಯೋ ಅತ್ತೆ, ನೋಯ್ತೈತೆ!"

"ಹತ್ತರಲ್ಲಿ ಎಷ್ಟೇ?"

"ಇಪ್ಪತ್ತು!"

ಅದರಲ್ಲಿ ಅರ್ಧ ಸುಳ್ಳೆಂದು ನನಗಿಂತ ಚೆನ್ನಾಗಿ ಬಲ್ಲವರು ಯಾರು? ಇನ್ನೊಂದು ಸಲ ಎಳೆದೆ.