ರಾದಿಸಾವನ ಕಾರಿನ ಬಾಯಾರಿಕೆ

ಕ್ಲಚ್ ರಿಪೇರಿಯಾಗಿ ಬಂದ ಮೇಲೆ ರಾದಿಸಾವನ ಕಾರು ಪೆಟ್ರೋಲ್ ಕುಡಿಯಲು ಶುರುಮಾಡಿತು. ಇಷ್ಟು ವರ್ಷ ಅದು ಡಿಕ್ಕಿಯೊಳಗಿನ ಗ್ಯಾಸ್ ಸಿಲಿಂಡರಿನಲ್ಲೇ ಸಂಸಾರ ತೂಗಿಸಿತ್ತು. ಪೆಟ್ರೋಲೆಂದರೆ ಬೆಳಿಗ್ಗೆ ಸ್ಟಾರ್ಟ್ ಆಗುವಾಗ ಒಂದು ಗುಟುಕು, ಅಷ್ಟೆ. (ತನ್ನ ಪ್ಲಮ್ ಬ್ರಾಂದಿಯ ಬಗ್ಗೆ ರಾದಿಸಾವನೂ ಹೀಗೇ ಹೇಳುತ್ತಿದ್ದ. ಕಾರಿನ ಮಾತು ನಿಜವಾಗಿತ್ತು.) ಈಗ ಪೆಟ್ರೋಲ್ ಮುಳ್ಳು ಕಣ್ಣೆದುರೇ ಇಳಿಯುತ್ತದೆ, ಬಂಕಿಗೆ ಹೋದರೆ ಸಿಲಿಂಡರು ಒಂದು ಉಸಿರಷ್ಟೂ ಗ್ಯಾಸ್ ಹಿಡಿಯುವುದಿಲ್ಲ.

ರಿಪೇರಿ ಮಾಡಿದ ವಿದೋಯೆ ಬರೀ ಮೆಕ್ಯಾನಿಕ್ ಆಗಿದ್ದರೆ ಅಂದೇ ಜಗಳವಾಗುತ್ತಿತ್ತು. ಆದರೆ ಅವನು ಮನೆತನದ ಕೂಮ್, ಅಂದರೆ ಮದುವೆಗೆ ಸಾಕ್ಷಿ ನಿಲ್ಲುವ ಧರ್ಮಬಂಧು. ರಾದಿಸಾವನ ಮದುವೆಗೆ ವಿದೋಯೆಯ ಅಪ್ಪ ಸಾಕ್ಷಿ ನಿಂತಿದ್ದ, ಬರುವ ಭಾನುವಾರ ರಾದಿಸಾವನ ಮಗನ ಮದುವೆಗೆ ವಿದೋಯೆ ನಿಲ್ಲಬೇಕು. ಅವರ ಊರು ಇವಾನ್ಯಿತ್ಸಾದಲ್ಲಿ ವರನಿಲ್ಲದೆ ದಿಬ್ಬಣ ಹೊರಟರೂ ಹೊರಟೀತು, ಕೂಮ್ ಇಲ್ಲದೆ ಪಾದ್ರಿ ಬಾಯಿ ತೆರೆಯುವುದಿಲ್ಲ.

ಹಾಗಾಗಿ ರಾದಿಸಾವ ಸ್ವತಃ ಸಂಶೋಧನೆಗಿಳಿದ. ಟೈರುಗಳಿಗೆ ಡೋಲಿನಂತಾಗುವವರೆಗೆ ಗಾಳಿ ತುಂಬಿಸಿದ. ಹಿಂದಿನ ಸೀಟಿನಲ್ಲಿದ್ದ ಮೆಣಸಿನಕಾಯಿ ಉಪ್ಪಿನಕಾಯಿಯ ಜಾಡಿಗಳನ್ನು ಇಳಿಸಿದ. ಭಾರ ಇನ್ನೂ ತಗ್ಗಲೆಂದು ಅತ್ತೆಯನ್ನು ಬಸ್ಸಿಗೆ ಹತ್ತಿಸಿದ. (ಈ ಪ್ರಯೋಗವನ್ನು ಆತ ಎರಡು ಸಲ ಮಾಡಿದ.) ಮುಳ್ಳು ಇಳಿಯುತ್ತಲೇ ಇತ್ತು.

ಕೊನೆಗೆ ಸಂತ ನಿಕೊಲಾನಿಗೆ ಮೊರೆಯಿಟ್ಟ. ಸಂತನೇನೂ ದೂರವಿರಲಿಲ್ಲ. ಹೊಸ ಕ್ಲಚ್ಚಿಗೆ ದೃಷ್ಟಿಯಾಗದಿರಲೆಂದು, ಕಾರು ಮನೆಗೆ ಬಂದ ದಿನವೇ ರಾದಿಸಾವ ಅವನ ಚಿತ್ರದ ಪುಟ್ಟ ಹಲಗೆಯನ್ನು ಡ್ಯಾಶ್‌ಬೋರ್ಡಿಗೆ ಅಂಟಿಸಿ, ಭದ್ರವಾಗಲೆಂದು ಹೆಬ್ಬೆರಳಿನಿಂದ ಗಟ್ಟಿಯಾಗಿ ಒತ್ತಿದ್ದ. ಈಗ ಅವನೆದುರು ದಿನವೂ ಗೋಳು ತೋಡಿಕೊಂಡ. ಸಂತ ಕೇಳಿಸಿಕೊಂಡ, ಪೆಟ್ರೋಲ್ ಖಾಲಿಯಾಯಿತು.

ಗುರುವಾರ ರಾದಿಸಾವನ ತಾಳ್ಮೆಯೂ ಖಾಲಿಯಾಯಿತು, ವಿದೋಯೆಯ ಗ್ಯಾರೇಜಿಗೆ ನುಗ್ಗಿದ.

"ಕೂಮ್, ನನ್ ಕಾರಿಗೇನ್ ಮಾಡ್ದೆ?"

"ಕ್ಲಚ್ ಹಾಕ್ದೆ."

"ಸರಿ. ನನ್ ಗ್ಯಾಸ್ ಪೈಪ್ ತೆಗ್ದು ಯಾರ್ ಕಾರಿಗೆ ಹಾಕ್ದೆ?"

ವಿದೋಯೆ ಸ್ಪ್ಯಾನರನ್ನು ಮೆಲ್ಲಗೆ ಕೆಳಗಿಟ್ಟ. "ಭಾನುವಾರಕ್ಕೆ ಬೇರೆ ಕೂಮ್ ಹುಡುಕ್ಕೋ," ಎಂದವನೇ ಷಟರ್ ಎಳೆದ.

ವಿಷಯ ತಿಳಿದ ಹೆಂಡತಿ ದೆಸಾಂಕಾ ಏಪ್ರನ್ನಿನಲ್ಲೇ ಬಂದು ಕಾರು ಹತ್ತಿದಳು.

"ನಿನ್ನ ಪೆಟ್ರೋಲ್ ಉಳಿಸೋದಕ್ಕೆ ನನ್ ಮಗ ಬ್ರಹ್ಮಚಾರಿಯಾಗಿ ಕೂರ್ಬೇಕಾ? ನಡಿ, ತಪ್ಪಾಯ್ತು ಅಂತ ಹೇಳು!"

"ತಪ್ಪು ಅವನ್ದು ಕಣೇ!"

"ಹಾಗಿದ್ರೆ ಸಂತನ್ನ ಮುಟ್ಟಿ ಆಣೆ ಮಾಡು!" ಎಂದು ಹಲಗೆಯನ್ನು ಕಿತ್ತು ಗಂಡನ ಮೂಗಿನ ಮುಂದೆ ಹಿಡಿದಳು.

ಸಂತ ಕೂತಿದ್ದ ಜಾಗದಲ್ಲಿ ಸಣ್ಣ ಒತ್ತುಗುಂಡಿಯೊಂದಿತ್ತು. ಅದರಲ್ಲಿ ಕೆಂಪು ದೀಪ ಉರಿಯುತ್ತಿತ್ತು.

"ಇದೇನಿದು?"

"ಗ್ಯಾಸಿನ ಗುಂಡಿ," ಎಂದ ರಾದಿಸಾವ. ಸ್ವರ ಸ್ವಲ್ಪ ತಗ್ಗಿತ್ತು. "ಹಸಿರಿದ್ರೆ ಗ್ಯಾಸು, ಕೆಂಪಿದ್ರೆ ಪೆಟ್ರೋಲು. ನಾವು ಅದನ್ನ ಮುಟ್ಟೋದೇ ಇಲ್ಲ."

"ಮತ್ತೆ ಮುಟ್ಟಿದ್ದು ಯಾರು? ಸಂತ ನಿಕೊಲಾನಾ?"

ರಾದಿಸಾವ ತನ್ನ ಹೆಬ್ಬೆರಳನ್ನು ನೋಡಿಕೊಂಡ. ಜೀವನದಲ್ಲಿ ಅವನಿಗೆ ಅಷ್ಟು ನಾಚಿಕೆ ಯಾವತ್ತೂ ಆಗಿರಲಿಲ್ಲ. ದೆಸಾಂಕಾ ಗುಂಡಿ ಒತ್ತಿದಳು. ದೀಪ ಹಸಿರಾಯಿತು.

ಗ್ಯಾರೇಜಿಗೆ ಹೋಗಿ, ಮುಚ್ಚಿದ ಷಟರಿನ ಹೊರಗೆ ನಿಂತೇ ರಾದಿಸಾವ ಎಲ್ಲವನ್ನೂ ಹೇಳಿದ. ಆಮೇಲೆ ಷಟರ್ ಮೊಣಕಾಲಿನವರೆಗೆ ಮೇಲೆದ್ದಿತು.

"ಬರ್ತೀನಿ," ಎಂದಿತು ವಿದೋಯೆಯ ದನಿ. "ಆದ್ರೆ ದಿಬ್ಬಣದಲ್ಲಿ ಕಾರು ನಾನ್ ಓಡಿಸ್ತೀನಿ. ನೀನು ಹಿಂದೆ ಕೂತ್ಕೋ. ಸಂತನ್ನ ಎರಡೂ ಕೈಯಲ್ಲಿ ಹಿಡ್ಕೋ. ಇನ್ನೇನನ್ನೂ ಮುಟ್ಬೇಡ."

ಹೀಗೆ ಭಾನುವಾರ ಕಹಳೆಗಳ ಅಬ್ಬರದ ನಡುವೆ ವರನ ತಂದೆ ಹಿಂದಿನ ಸೀಟಿನಲ್ಲಿ ಸಂತನನ್ನು ಎದೆಗವಚಿಕೊಂಡು ಚರ್ಚಿಗೆ ಬಂದಿಳಿದ. ಬೀಗಿತ್ತಿ ಕಣ್ಣೊರೆಸಿಕೊಂಡು, "ಎಂಥಾ ದೈವಭಕ್ತರು!" ಎಂದಳು. ಅವನ ಪಕ್ಕದಿಂದ ಇಳಿಯುತ್ತಿದ್ದ ಅತ್ತೆ, ಬಸ್ಸಿನ ಪ್ರಯಾಣವನ್ನು ಇನ್ನೂ ಮರೆಯದವಳು, ಬೀಗಿತ್ತಿಯ ತೋಳು ಹಿಡಿದು, "ಬನ್ನಿ, ಅದರ ಕಥೆ ನಾನ್ ಹೇಳ್ತೀನಿ," ಎಂದಳು.